ಬಾಲಂಗೋಚಿಗೆ ಬೆಲೆ ಎಷ್ಟು?

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಂಚಿಕೆಯ ವಿಷಯ: ಗೇಮ್ ಡಿಎಲ್‌ಸಿ

ಗೇಮ್ ಕೊಂಡ ಮೇಲೆ ಅದಕ್ಕೆ ಅಂಟಿಸಿಕೊಳ್ಳಲು ಬೇರೆ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಸರಕಿಗೆ ಡಿಎಲ್‌ಸಿ ಅನ್ನುತ್ತಾರೆ. ಹೊಸ ಕಥೆ, ಹೊಸ ಮ್ಯಾಪ್, ಹೊಸ ಗಾಡಿ, ಬರೀ ಬಣ್ಣದ ಅಂಗಿ, ಎಲ್ಲಕ್ಕೂ ಅದೇ ಹೆಸರು. ಗೊಂದಲ ಶುರುವಾಗುವುದೇ ಅಲ್ಲಿ. ಗಾಳಿಪಟಕ್ಕೆ ಕಟ್ಟುವ ಬಾಲಂಗೋಚಿಯ ಹಾಗೆ ಇದು: ಸರಿಯಾಗಿ ಕಟ್ಟಿದ್ದು ಪಟವನ್ನು ನಿಲ್ಲಿಸುತ್ತದೆ, ಕೆಲವು ಬರೀ ಅಂದಕ್ಕೆ. ಪಟವೇ ಇಲ್ಲದಿದ್ದರೆ ಎರಡೂ ಚಿಂದಿ ಬಟ್ಟೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

● ಪೂರ್ತಿ ಗೇಮ್ ಮಾಡಿಟ್ಟು, ಅದರಲ್ಲೇ ಒಂದು ತುಂಡು ಕತ್ತರಿಸಿ ಡಿಎಲ್‌ಸಿ ಅಂತ ಮಾರ್ತಾರೆ ಅನ್ನೋದು ನಮ್ಮ ಹಾಸ್ಟೆಲ್‌ನಲ್ಲಿ ದಿನಾ ನಡೆಯೋ ವಾದ. ನಿಜಾನಾ ಸರ್?
– ಎಂ.ಕೆ., ಕ್ಯಾತ್ಸಂದ್ರ, ತುಮಕೂರು

ಕೆಲವು ಸಲ ನಿಜ. 2012ರಲ್ಲಿ ಬಂದ 'ಸ್ಟ್ರೀಟ್ ಫೈಟರ್ ಕ್ರಾಸ್ ಟೆಕ್ಕೆನ್' ಡಿಸ್ಕ್‌ನೊಳಗೇ ಹನ್ನೆರಡು ಫೈಟರ್‌ಗಳು ಬೀಗ ಜಡಿಸಿಕೊಂಡು ಕೂತಿದ್ದರು. ಡಿಸ್ಕ್‌ಗೆ ದುಡ್ಡು ಕೊಟ್ಟವರು ಬೀಗದ ಕೈಗೆ ಇನ್ನೊಂದು ಸಲ ಕೊಡಬೇಕಿತ್ತು. ಇದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ಅದೇ ವರ್ಷದ 'ಮಾಸ್ ಎಫೆಕ್ಟ್ 3' ಬಿಡುಗಡೆಯಾದ ದಿನವೇ ಒಂದು ಮುಖ್ಯ ಪಾತ್ರವನ್ನು ಡಿಎಲ್‌ಸಿಯಾಗಿ ಮಾರಿತು. ಇಂಥ ಮೊದಲ ದಿನದ ಡಿಎಲ್‌ಸಿಗೆ ಕಂಪನಿಗಳು ಕೊಡುವ ಕಾರಣ ಪೂರ್ತಿ ಸುಳ್ಳಲ್ಲ. ಗೇಮ್ ಪರೀಕ್ಷೆಗೆ ಮತ್ತು ಡಿಸ್ಕ್ ಅಚ್ಚಿಗೆ ಹೋದ ಮೇಲೆ ಚಿತ್ರ ಬಿಡಿಸುವವರಿಗೆ, ಕಥೆ ಬರೆಯುವವರಿಗೆ ಕೆಲವು ವಾರ ಕೆಲಸವಿರುವುದಿಲ್ಲ. ಆ ಹೊತ್ತಲ್ಲಿ ಡಿಎಲ್‌ಸಿ ಮಾಡುತ್ತಾರೆ. ಹಾಗಂತ ಕಥೆಯ ಬೆನ್ನೆಲುಬನ್ನೇ ತೆಗೆದು ಆಮೇಲೆ ಮಾರಿದರೆ ಆಟಗಾರನಿಗೆ ಗೊತ್ತಾಗದೆ ಇರುವುದಿಲ್ಲ.

ಇನ್ನೊಂದು ತುದಿ ನೋಡಿ. 2015ರ 'ದಿ ವಿಚರ್ 3' ಹದಿನಾರು ಸಣ್ಣ ಡಿಎಲ್‌ಸಿಗಳನ್ನು ಬಿಟ್ಟಿಯಾಗಿ ಕೊಟ್ಟಿತು. ದುಡ್ಡಿಗೆ ಮಾರಿದ್ದು ಎರಡೇ: 2015ರ ಅಕ್ಟೋಬರ್‌ನಲ್ಲಿ 'ಹಾರ್ಟ್ಸ್ ಆಫ್ ಸ್ಟೋನ್', 2016ರ ಮೇನಲ್ಲಿ 'ಬ್ಲಡ್ ಅಂಡ್ ವೈನ್'. ಎರಡನೆಯದರಲ್ಲಿ ಹೊಸ ಸೀಮೆಯೇ ಇದೆ, ಇಪ್ಪತ್ತು ಗಂಟೆ ಆರಾಮಾಗಿ ಹೋಗುತ್ತದೆ. ಇದರ ಎದುರು 2006ರ 'ಆಬ್ಲಿವಿಯನ್' ಗೇಮಿನ ಕುದುರೆ ಕವಚ ಇಟ್ಟು ನೋಡಿ. ಎರಡೂವರೆ ಡಾಲರ್‌ಗೆ ಕುದುರೆ ಮೈಮೇಲೆ ಒಂದು ಲೋಹದ ಹೊದಿಕೆ. ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. ತಮಾಷೆ ಏನೆಂದರೆ, ಈಗಿನ ಸ್ಕಿನ್‌ಗಳ (ಪಾತ್ರಕ್ಕೋ ಗನ್‌ಗೋ ಹಾಕುವ ಬರೀ ಹೊರ ಅಲಂಕಾರ) ಬೆಲೆ ನೋಡಿದರೆ ಅದು ಅಗ್ಗವೇ.

ಅಳತೆಗೆ ಗಂಟೆಯ ಲೆಕ್ಕ ಹಿಡಿಯಿರಿ. ಎರಡು ಸಾವಿರದ ಗೇಮ್ ಐವತ್ತು ಗಂಟೆ ಆಡಿಸಿದರೆ ಗಂಟೆಗೆ ನಲವತ್ತು ರೂಪಾಯಿ. ಸಾವಿರದ ಡಿಎಲ್‌ಸಿ ಇಪ್ಪತ್ತು ಗಂಟೆ ಕೊಟ್ಟರೆ ಗಂಟೆಗೆ ಐವತ್ತು, ಪರವಾಗಿಲ್ಲ. ಎರಡೇ ಗಂಟೆ ಕೊಟ್ಟರೆ ಗಂಟೆಗೆ ಐನೂರು, ಅದು ಪಿವಿಆರ್ ಟಿಕೆಟ್‌ಗಿಂತ ದುಬಾರಿ. ಆದರೆ ಇದೇ ಲೆಕ್ಕಕ್ಕೆ ಜೋತುಬೀಳಬೇಡಿ. 'ಇಲ್ಲಿಂದ ಅಲ್ಲಿಗೆ ಹೋಗಿ ಹತ್ತು ಸೊಪ್ಪು ಕಿತ್ತುಕೊಂಡು ಬಾ' ಅಂತ ಅಲೆದಾಡಿಸಿ ಗಂಟೆ ತುಂಬಿಸುವ ಡಿಎಲ್‌ಸಿಗಳೂ ಬೇಕಾದಷ್ಟಿವೆ.

● 'ಯೂರೋ ಟ್ರಕ್ ಸಿಮ್ಯುಲೇಟರ್ 2' ಆಡ್ತೀನಿ. ಸ್ಟೀಮ್‌ನಲ್ಲಿ ಅದರ ಡಿಎಲ್‌ಸಿ ಪಟ್ಟಿ ಮುಗಿಯೋದೇ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಲ್ಯಾಪ್‌ಟಾಪ್ ಸಾಧಾರಣದ್ದು.
– ಟಿ.ಎನ್., ಶಿರಾ

ದಿನಬೆಳಗಾದರೆ ಹೈವೇ ಲಾರಿ ನೋಡುವ ಶಿರಾದವರು ಇದನ್ನು ಕೇಳಿದ್ದು ಸರಿಯಾಗೇ ಇದೆ. ಈ ಗೇಮ್ ಬಂದದ್ದು 2012ರಲ್ಲಿ. ಅಂದಿನಿಂದ ಮೂಲ ಗೇಮನ್ನು ಬಿಟ್ಟಿಯಾಗಿ ಸುಧಾರಿಸುತ್ತಾ, ಖರ್ಚನ್ನು ಡಿಎಲ್‌ಸಿಯಿಂದ ಹುಟ್ಟಿಸಿಕೊಳ್ಳುತ್ತಾ ಬಂದಿದ್ದಾರೆ. ಡಿಎಲ್‌ಸಿ ಒಂದು ಗೇಮನ್ನು ಸಾಯಲು ಬಿಡದೆ ಹೇಗೆ ಸಾಕುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಪಟ್ಟಿ ಉದ್ದವಿದ್ದರೂ ಅದರಲ್ಲಿರುವುದು ಮೂರೇ ಜಾತಿ. ಮೊದಲನೆಯದು ಮ್ಯಾಪ್, ಅಂದರೆ ಹೊಸ ದೇಶ, ಹೊಸ ರಸ್ತೆ. ಎರಡನೆಯದು ಸರಕು: 'ಹೆವಿ ಕಾರ್ಗೋ', 'ಸ್ಪೆಷಲ್ ಟ್ರಾನ್ಸ್‌ಪೋರ್ಟ್' ಥರದವು. ಮೂರನೆಯದು ಬಣ್ಣ ಮತ್ತು ಕ್ಯಾಬಿನ್ ಅಲಂಕಾರ. ಪಟ್ಟಿಯಲ್ಲಿ ಹೆಚ್ಚಿಗೆ ಇರುವುದು ಈ ಮೂರನೆಯವೇ. ಅವನ್ನು ಕಣ್ಣೆತ್ತಿಯೂ ನೋಡಬೇಡಿ. ನೀವು ಓಡಿಸುವಾಗ ನೋಡುವುದು ರಸ್ತೆಯನ್ನು, ಲಾರಿಯ ಹೊರಮೈಯನ್ನಲ್ಲ.

ಮೂಲ ಮ್ಯಾಪಿನಲ್ಲೇ ಜರ್ಮನಿ, ಬ್ರಿಟನ್, ನೆದರ್‌ಲ್ಯಾಂಡ್ಸ್, ಆಸ್ಟ್ರಿಯಾ, ಉತ್ತರ ಇಟಲಿ ಎಲ್ಲಾ ಇವೆ. ಮೂವತ್ತು-ನಲವತ್ತು ಗಂಟೆ ಓಡಿಸಿ, ಸಾಲ ತೀರಿಸಿ, ಸ್ವಂತ ಲಾರಿ ತೆಗೆದುಕೊಂಡ ಮೇಲೆ ಒಂದು ಮ್ಯಾಪ್ ಕೊಳ್ಳಿ. ಇಲ್ಲಿ ಎಡವುವವರು ಬಹಳ: ಇಷ್ಟವಾದ ದೇಶದ ಮ್ಯಾಪ್ ಕೊಳ್ಳುತ್ತಾರೆ, ಅಲ್ಲಿಗೆ ಹೋಗುವ ದಾರಿ ಇನ್ನೊಂದು ಡಿಎಲ್‌ಸಿಯಲ್ಲಿರುತ್ತದೆ. 'ರೋಡ್ ಟು ದ ಬ್ಲ್ಯಾಕ್ ಸೀ' ತಂದರೆ ರೊಮೇನಿಯಾ, ಬಲ್ಗೇರಿಯಾ ಸಿಗುತ್ತವೆ. ಆದರೆ ಅಲ್ಲಿಗೆ ನೆಲದ ಮೇಲೆ ಹೋಗುವ ಹಳೆಯ ದಾರಿ ಹಂಗೇರಿ ಮೂಲಕ, ಹಂಗೇರಿ ಇರುವುದು 'ಗೋಯಿಂಗ್ ಈಸ್ಟ್' ಎಂಬ ಹಳೆಯ ಡಿಎಲ್‌ಸಿಯಲ್ಲಿ. ಸ್ಪೇನ್, ಪೋರ್ಚುಗಲ್‌ನ 'ಐಬೀರಿಯಾ' ಬೇಕೆಂದರೆ ಮುಂಚೆ 'ವೀವ್ ಲಾ ಫ್ರಾನ್ಸ್' ಇದ್ದರೆ ಚೆಂದ, ಮೂಲ ಗೇಮಿನಲ್ಲಿ ಫ್ರಾನ್ಸ್ ಇರುವುದೇ ಅರೆಬರೆ. ಹಾಗಾಗಿ ನಮ್ಮ ಸಲಹೆ: ಮೊದಲು 'ಗೋಯಿಂಗ್ ಈಸ್ಟ್' ಅಥವಾ 'ಸ್ಕ್ಯಾಂಡಿನೇವಿಯಾ'. 2015ರಲ್ಲಿ ಬಂದ 'ಸ್ಕ್ಯಾಂಡಿನೇವಿಯಾ'ದ ರಸ್ತೆಗಳು 2013ರ 'ಗೋಯಿಂಗ್ ಈಸ್ಟ್'ಗಿಂತ ಎದ್ದು ಕಾಣುವಷ್ಟು ಚೆನ್ನಾಗಿವೆ. ಭಾರಿ ಹಬ್ಬದ ಸೇಲ್‌ಗಳಲ್ಲಿ ಹಳೆಯ ಮ್ಯಾಪ್‌ಗಳ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅವಸರ ಬೇಡ.

ಸರಕಿನ ಡಿಎಲ್‌ಸಿಯಲ್ಲಿ ಒಂದು ಲಾಭವಿದೆ. ಅದು ಒಂದೇ ದೇಶಕ್ಕೆ ಅಂಟಿಕೊಂಡಿರುವುದಿಲ್ಲ. 'ಹೆವಿ ಕಾರ್ಗೋ' ಒಂದು ತಂದರೆ ನಿಮ್ಮಲ್ಲಿರುವ ಹಳೆ ರಸ್ತೆಗಳೇ ಹೊಸದಾಗುತ್ತವೆ, ಬರೀ ತಿರುವು ತೆಗೆದುಕೊಳ್ಳುವುದೇ ಒಂದು ಸಾಹಸವಾಗುತ್ತದೆ.

'ಬಿಟ್ಟಿ ಮಾಡ್ (ಆಟಗಾರರೇ ಮಾಡಿ ಹಂಚುವ ಸರಕು) ಇರುವಾಗ ದುಡ್ಡೇಕೆ?' ಅಂತ ಮುಂದಿನ ಪತ್ರದಲ್ಲಿ ಕೇಳಬಹುದು, ಈಗಲೇ ಹೇಳಿಬಿಡುತ್ತೇವೆ. 'ಪ್ರೊಮಾಡ್ಸ್' ಎಂಬ ಪ್ರಸಿದ್ಧ ಬಿಟ್ಟಿ ಮ್ಯಾಪ್ ಇದೆ, ಅದ್ಭುತವಾಗಿದೆ. ಆದರೆ ಅದು ಓಡಬೇಕಾದರೆ ಕಂಪನಿಯ ಮ್ಯಾಪ್ ಡಿಎಲ್‌ಸಿಗಳು ಹೆಚ್ಚುಕಮ್ಮಿ ಎಲ್ಲವೂ ನಿಮ್ಮಲ್ಲಿರಬೇಕು. ಮೇಲಾಗಿ ಗೇಮ್ ಹೊಸ ಆವೃತ್ತಿಗೆ ಏರಿದಾಗ ಮ್ಯಾಪ್ ಮಾಡ್ ಕೆಡುತ್ತದೆ, ಅದರ ಹೊಸ ಆವೃತ್ತಿ ಬರುವವರೆಗೆ ಸೇವ್ ಫೈಲ್ ತೆರೆಯುವುದು ಅನುಮಾನ. ದುಡ್ಡು ಕೊಟ್ಟ ಡಿಎಲ್‌ಸಿ ಗೇಮಿನ ಜೊತೆಗೇ ಅಪ್‌ಡೇಟ್ ಆಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಿದ್ದರೆ ಡಿಎಲ್‌ಸಿಯನ್ನು ತಾತ್ಕಾಲಿಕವಾಗಿ ತೆಗೆಯಬಹುದು. ಸ್ಟೀಮ್ ಲೈಬ್ರರಿಯಲ್ಲಿ ಗೇಮಿನ ಹೆಸರಿನ ಮೇಲೆ ರೈಟ್ ಕ್ಲಿಕ್, 'ಪ್ರಾಪರ್ಟೀಸ್', ಅಲ್ಲಿ 'ಡಿಎಲ್‌ಸಿ', ಬೇಡದ್ದರ ಟಿಕ್ ತೆಗೆಯಿರಿ. ಅದಕ್ಕೂ ಮುಂಚೆ ಲಾರಿಯನ್ನು ಮೂಲ ಮ್ಯಾಪಿನ ಊರೊಂದಕ್ಕೆ ತಂದು ನಿಲ್ಲಿಸಿ ಸೇವ್ ಮಾಡಿ.

● ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 4 (ಪಿಎಸ್4) ಡಿಸ್ಕ್ ತಂದೆ. ಕವರ್ ಮೇಲೆ 'ಕಂಪ್ಲೀಟ್ ಎಡಿಷನ್' ಅಂತಿದೆ. ಹಾಕಿದರೆ ಬರೀ ಮೂಲ ಗೇಮ್. ಡಿಎಲ್‌ಸಿ ಬೇರೆ ಕೊಂಡರೂ ತೆರೀತಿಲ್ಲ. ಮೋಸ ಹೋದ್ನಾ?
– ಡಿ.ವಿ., ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ನಿಮ್ಮದು ಒಂದಲ್ಲ, ಎರಡು ತೊಂದರೆ.

'ಕಂಪ್ಲೀಟ್ ಎಡಿಷನ್' ಡಿಸ್ಕ್‌ಗಳಲ್ಲಿ ಎರಡು ಬಗೆ. ಕೆಲವದರಲ್ಲಿ ಡಿಎಲ್‌ಸಿ ಡಿಸ್ಕ್‌ನೊಳಗೇ ಇರುತ್ತದೆ, ಎಷ್ಟು ಕೈ ಬದಲಾದರೂ ಓಡುತ್ತದೆ. ಉಳಿದವುಗಳಲ್ಲಿ ಡಬ್ಬಿಯೊಳಗೆ ಒಂದು ಚೀಟಿ, ಅದರಲ್ಲಿ ಕೋಡ್. ಕೋಡ್ ಒಂದೇ ಸಲ ನಡೆಯುತ್ತದೆ, ಹಾಕಿದವರ ಖಾತೆಗೆ ಅಂಟಿಬಿಡುತ್ತದೆ. ಹಳೆಯ ಮಾಲೀಕರು ಡಿಸ್ಕ್ ಮಾರಿದರು, ಡಿಎಲ್‌ಸಿ ಅವರ ಖಾತೆಯಲ್ಲೇ ಉಳಿಯಿತು. ಈಗ ಅದು ಅವರಿಗೂ ಇಲ್ಲ, ನಿಮಗೂ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುಂಚೆ ಕವರಿನ ಹಿಂಬದಿಯ ಸಣ್ಣಕ್ಷರ ಓದಿ. ಡೌನ್‌ಲೋಡ್ ಕೋಡ್ ಎಂಬ ಮಾತು ಅಲ್ಲಿದ್ದರೆ ಮೂಲ ಗೇಮಿನ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ.

ಎರಡನೆಯದು ರೀಜನ್, ಅಂದರೆ ಡಿಸ್ಕ್ ಯಾವ ಸೀಮೆಯ ಮಾರುಕಟ್ಟೆಯದ್ದು ಅನ್ನುವುದು. ಪಿಎಸ್4 ಯಾವ ದೇಶದ ಡಿಸ್ಕನ್ನಾದರೂ ಓಡಿಸುತ್ತದೆ, ಆದ್ದರಿಂದ ಯಾರೂ ಇದರ ಬಗ್ಗೆ ತಲೆಕೆಡಿಸಿಕೊಳ್ಳುವುದಿಲ್ಲ. ಡಿಎಲ್‌ಸಿ ಮಾತ್ರ ಡಿಸ್ಕಿನ ರೀಜನ್ ಮತ್ತು ಖಾತೆಯ ರೀಜನ್ ಹೊಂದಿದರಷ್ಟೇ ತೆರೆಯುತ್ತದೆ. ಕವರಿನ ಬೆನ್ನಿನ ಮೇಲೆ, ಡಿಸ್ಕ್ ಮೇಲೆ 'ಸಿಯುಎಸ್‌ಎ' ಎಂದು ಶುರುವಾಗಿ ಐದು ಅಂಕಿ ಇರುವ ಸಂಖ್ಯೆ ಕಾಣುತ್ತದೆ. ಒಂದೇ ಗೇಮಿಗೆ ಅಮೆರಿಕದ ಸಂಖ್ಯೆ ಬೇರೆ, ಯುರೋಪಿನದ್ದು ಬೇರೆ. ಅಮೆರಿಕದಿಂದ ಯಾರೋ ತಂದ ಡಿಸ್ಕ್ ಸಂತೆ ಸುತ್ತಿ ನಿಮ್ಮ ಕೈಗೆ ಬಂದಿದ್ದರೆ, ಭಾರತದ ಖಾತೆಯಿಂದ ಕೊಂಡ ಡಿಎಲ್‌ಸಿ ಅದನ್ನು ಗುರುತೇ ಹಿಡಿಯುವುದಿಲ್ಲ.

ದಾರಿ ಇದೆಯೇ? ಡಿಸ್ಕಿನ ದೇಶದ ಹೆಸರಲ್ಲಿ ಇನ್ನೊಂದು ಖಾತೆ ತೆರೆದು, ಆ ದೇಶದ ಗಿಫ್ಟ್ ಕಾರ್ಡ್ ಹುಡುಕಿ, ಅಲ್ಲಿಂದ ಡಿಎಲ್‌ಸಿ ತಂದು, ಆ ಖಾತೆಗೆ ನಿಮ್ಮ ಪಿಎಸ್4 ಅನ್ನು ಪ್ರೈಮರಿ (ಮುಖ್ಯ ಯಂತ್ರ) ಮಾಡುವ ಕಸರತ್ತು ಕೆಲವರು ಮಾಡುತ್ತಾರೆ. ಅಷ್ಟು ತಾಪತ್ರಯ ಪಡುವ ಬದಲು ಡಿಸ್ಕ್ ಮಾರಿ, ಸೇಲ್ ಬಂದಾಗ ಡಿಜಿಟಲ್ ಪ್ರತಿ ತೆಗೆದುಕೊಳ್ಳುವುದು ವಾಸಿ. ಇನ್ನು ದುಡ್ಡು ವಾಪಸು: ಪ್ಲೇಸ್ಟೇಷನ್ ಸ್ಟೋರ್ ನಿಯಮದಲ್ಲಿ ಕೊಂಡ 14 ದಿನದೊಳಗೆ ಕೇಳಬಹುದು, ಆದರೆ ಡೌನ್‌ಲೋಡ್ ಶುರು ಮಾಡಿರಬಾರದು. ನೀವು ಇಳಿಸಿಯಾಗಿದೆ. ಇನ್ನು ಮುಂದೆ ಕೊಂಡ ತಕ್ಷಣ ಡೌನ್‌ಲೋಡ್ ಒತ್ತಬೇಡಿ, ಸಂಖ್ಯೆ ತಾಳೆ ನೋಡಿ ಒತ್ತಿ.

● ನನ್ನ ಮಗ ಎಂಟನೇ ಕ್ಲಾಸು. ನನ್ನ ಫೋನಲ್ಲಿ ಶೂಟಿಂಗ್ ಗೇಮ್ ಆಡ್ತಾ ಮೂರು ಸಲ ಸೇರಿ 4,800 ರೂಪಾಯಿಗೆ ಟಾಪ್‌ಅಪ್ ಮಾಡಿದ್ದಾನೆ. ನಿನ್ನೆ ರಾತ್ರಿ ಮೆಸೇಜ್ ನೋಡಿ ಗೊತ್ತಾಯ್ತು. ಏನು ಮಾಡಲಿ?
– ಹೆಸರು ಬೇಡ, ಶಿಡ್ಲಘಟ್ಟ

ಅಮ್ಮಾ, ನಿಮ್ಮದು ಮಿಂಚಂಚೆಯಲ್ಲಿ ಬಂದದ್ದರಿಂದ ಉತ್ತರವನ್ನು ಅಂದೇ ಕಳಿಸಿದ್ದೇವೆ. ಉಳಿದವರಿಗೂ ಬೇಕಾದೀತು ಎಂದು ಇಲ್ಲಿ ಹಾಕಿದ್ದೇವೆ.

ಗಡಿಯಾರ ನೋಡಿ. ಗೂಗಲ್ ಪ್ಲೇ ಮೂಲಕ ಹೋದ ದುಡ್ಡನ್ನು 48 ಗಂಟೆಯೊಳಗೆ ಕೇಳಿದರೆ ವಾಪಸು ಬರುವ ಸಾಧ್ಯತೆ ಹೆಚ್ಚು. ಅದು ದಾಟಿದರೆ ಗೇಮ್ ಕಂಪನಿಯನ್ನೇ ಕೇಳಬೇಕಾಗುತ್ತದೆ. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ನಿಮ್ಮ ಫೋಟೋ ಒತ್ತಿ, 'ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್'ಗೆ ಹೋಗಿ, ಖರೀದಿಯ ಪಟ್ಟಿ ನೋಡಿ. ಪ್ರತಿ ಖರೀದಿಗೂ ಬೇರೆ ಆರ್ಡರ್ ಸಂಖ್ಯೆ ಇರುತ್ತದೆ, ಮೂರನ್ನೂ ಬರೆದುಕೊಳ್ಳಿ. ಗೂಗಲ್ ಪ್ಲೇ ಜಾಲತಾಣದಲ್ಲಿ ಮೂರಕ್ಕೂ ಬೇರೆ ಬೇರೆ ಅರ್ಜಿ ಹಾಕಿ, ಒಪ್ಪಿಗೆ ಇಲ್ಲದೆ ಮನೆಯ ಮಗು ಕೊಂಡಿದ್ದು ಎಂದು ಇದ್ದದ್ದು ಇದ್ದ ಹಾಗೆ ಹೇಳಿ. ಸಿಟ್ಟಲ್ಲಿ ಗೇಮ್ ಅಳಿಸಿಬಿಡಬೇಡಿ, ಅಳಿಸಿದರೆ ದುಡ್ಡೇನೂ ವಾಪಸು ಬರುವುದಿಲ್ಲ. ಟಾಪ್‌ಅಪ್‌ನಿಂದ ಸಿಕ್ಕ ಗೇಮಿನ ನಾಣ್ಯಗಳನ್ನು ಮಗ ಇನ್ನೂ ಖರ್ಚು ಮಾಡಿಲ್ಲದಿದ್ದರೆ ಮುಟ್ಟದಂತೆ ನೋಡಿಕೊಳ್ಳಿ. ದುಡ್ಡು ವಾಪಸಾದರೆ ಗೇಮ್ ಕಂಪನಿ ಕೊಟ್ಟ ಸಾಮಾನು ಕಿತ್ತುಕೊಳ್ಳಬಹುದು, ಖಾತೆ ತಡೆಹಿಡಿಯಲೂಬಹುದು. ಅದನ್ನು ಮಗನಿಗೆ ಮೊದಲೇ ಹೇಳಿಬಿಡಿ, ಆಮೇಲೆ ಮನೆಯಲ್ಲಿ ಎರಡನೇ ರಂಪ ಬೇಡ.

ಮುಂದಕ್ಕೆ: ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ 'ಪರ್ಚೇಸ್ ವೆರಿಫಿಕೇಶನ್' ಎಂದಿದೆ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಉಳಿಸಿಟ್ಟ ಕಾರ್ಡ್ ತೆಗೆಯಿರಿ, ಯುಪಿಐ ಪಿನ್ ಬದಲಾಯಿಸಿ. ಪಿನ್ ಹುಟ್ಟಿದ ವರ್ಷವಾಗಿದ್ದರೆ ಮಕ್ಕಳಿಗೆ ಅದು ಗುಟ್ಟೇ ಅಲ್ಲ. ಯುಪಿಐ ಆ್ಯಪ್‌ನಲ್ಲಿ 'ಆಟೋಪೇ' ಎಂಬ ಜಾಗವನ್ನೂ ತೆರೆದು ನೋಡಿ, ತಿಂಗಳ ಪಾಸ್ ಏನಾದರೂ ಹಾಕಿದ್ದರೆ ಅಲ್ಲಿ ಕೂತಿರುತ್ತದೆ. ಮಗನಿಗೆ ಬೇರೆ ಫೋನ್ ಇದ್ದರೆ ಮಕ್ಕಳ ಫೋನ್ ಮೇಲೆ ಹಿಡಿತವಿಡುವ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಆ್ಯಪ್ ಹಾಕಿ, ಖರೀದಿಗೆ ನಿಮ್ಮ ಒಪ್ಪಿಗೆ ಬೇಕು ಎಂದಿಡಿ. ಒಂದು ತೂತು ಉಳಿಯುತ್ತದೆ: ಆ ಒಪ್ಪಿಗೆ ನಡೆಯುವುದು ಗೂಗಲ್ ಪ್ಲೇ ಮೂಲಕ ಹೋಗುವ ದುಡ್ಡಿಗೆ ಮಾತ್ರ. ಬೇರೆ ಟಾಪ್‌ಅಪ್ ಜಾಲತಾಣಕ್ಕೆ ನೇರವಾಗಿ ಯುಪಿಐ ಮಾಡಿದರೆ ಅದು ತಡೆಯುವುದಿಲ್ಲ.

'ಅರ್ಧ ಬೆಲೆಗೆ ಟಾಪ್‌ಅಪ್' ಎಂದು ಟೆಲಿಗ್ರಾಮ್‌ನಲ್ಲಿ ಬರುವವರನ್ನು ಹತ್ತಿರ ಸೇರಿಸಬೇಡಿ. ಕದ್ದ ಕಾರ್ಡಿನಿಂದ ಕೊಂಡ ಸಾಮಾನಾದರೆ ಬ್ಯಾನ್ ಆಗುವುದು ನಿಮ್ಮ ಮಗನ ಖಾತೆ. ದುಡ್ಡು ಕಳಿಸಿ ಏನೂ ಬರದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

● ಗೇಮಿನ 'ಲಕ್ಕಿ ಬಾಕ್ಸ್'ನಲ್ಲಿ ಗನ್ ಸ್ಕಿನ್ ಬರೋ ಚಾನ್ಸ್ 1 ಪರ್ಸೆಂಟ್ ಅಂತ ಬರೆದಿದ್ದಾರೆ. ಅಂದ್ರೆ ನೂರು ಸಲ ತೆರೆದರೆ ಗ್ಯಾರಂಟಿ ತಾನೆ?
– ಪಿ.ಆರ್., ಗೌರಿಬಿದನೂರು

ಅಲ್ಲ. ಒಂದೊಂದು ಸಲವೂ ಸಿಗದಿರುವ ಸಾಧ್ಯತೆ ನೂರಕ್ಕೆ 99. ನೂರು ಸಲವೂ ಸಿಗದಿರಲು 0.99 ಅನ್ನು ನೂರು ಬಾರಿ ಗುಣಿಸಿ. ಸುಮಾರು 0.37 ಬರುತ್ತದೆ. ಅಂದರೆ ನೂರು ಬಾಕ್ಸ್ ತೆರೆದ ನೂರು ಹುಡುಗರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿ ಏಳುತ್ತಾರೆ. ನೂರಕ್ಕೆ 90ರಷ್ಟು ಭರವಸೆ ಬೇಕೆಂದರೆ 230 ಬಾಕ್ಸ್ ಬೇಕು. ಬಾಕ್ಸಿಗೆ 40 ರೂಪಾಯಿ ಎಂದಿಟ್ಟುಕೊಂಡರೆ 9,200 ರೂಪಾಯಿ. 'ಇಷ್ಟು ಸಲವಾದ ಮೇಲೆ ಖಂಡಿತ' ಎಂದು ಗೇಮೇ ಬರೆದಿದ್ದರೆ ಆ ಸಂಖ್ಯೆಯನ್ನು ಬಾಕ್ಸಿನ ಬೆಲೆಗೆ ಗುಣಿಸಿ, ಅದೇ ಸ್ಕಿನ್‌ನ ನಿಜವಾದ ಬೆಲೆ ಅಂತಿಟ್ಟುಕೊಳ್ಳಿ. ಬೆಲ್ಜಿಯಂ 2018ರಲ್ಲಿ ಇಂಥ ಬಾಕ್ಸ್‌ಗಳನ್ನು ಜೂಜು ಎಂದೇ ಘೋಷಿಸಿತು. ಏನು ಸಿಗುತ್ತದೆಂದು ಮೊದಲೇ ಗೊತ್ತಿರುವ ಡಿಎಲ್‌ಸಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಾಣ್ಯದ ಪ್ಯಾಕ್‌ಗಳ ಮೇಲೂ ಕಣ್ಣಿರಲಿ. ಸ್ಕಿನ್‌ಗೆ 800 ನಾಣ್ಯ, ಪ್ಯಾಕ್ ಸಿಗುವುದು 500ರದ್ದು ಅಥವಾ 1,000ದ್ದು. ಉಳಿದ 200 ನಿಮ್ಮನ್ನು ಮತ್ತೆ ಅಂಗಡಿಗೆ ಕರೆಯುವುದಕ್ಕೇ ಇರುವುದು.

● ಗೇಮ್ ಜೊತೆಗೇ ಸೀಸನ್ ಪಾಸ್ ತಗೊಂಡ್ರೆ ಉಳಿತಾಯ ಅಂತಾರೆ. ತಗೊಳ್ಳಲಾ?
– ಕೆ.ಜಿ., ಗುಬ್ಬಿ

ಬೇಡ. ಸೀಸನ್ ಪಾಸ್ ಅಂದರೆ ಇನ್ನೂ ಬರದ ಡಿಎಲ್‌ಸಿಗೆ ಮುಂಗಡ. ಮೂಲ ಗೇಮ್ ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಓಡುತ್ತದೋ ಇಲ್ಲವೋ ಅನ್ನುವುದೇ ಗೊತ್ತಿಲ್ಲದಾಗ ಅದರ ಬಾಲಕ್ಕೆ ದುಡ್ಡು ಕಟ್ಟುವುದು ಯಾಕೆ? 2015ರ ಜೂನ್‌ನಲ್ಲಿ 'ಬ್ಯಾಟ್‌ಮ್ಯಾನ್: ಆರ್ಕಮ್ ನೈಟ್' ಪಿಸಿಯಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ ಮಾರಾಟವನ್ನೇ ನಿಲ್ಲಿಸಬೇಕಾಯಿತು.

ಕೊಳ್ಳುವ ಮುಂಚೆ ಇನ್ನೆರಡು ನೋಡಿ. ಒಂದು, ಡಿಎಲ್‌ಸಿ ತೆರೆಯಲು ಮೂಲ ಗೇಮಿನಲ್ಲಿ ಎಲ್ಲಿವರೆಗೆ ಹೋಗಿರಬೇಕು. 'ಎಲ್ಡನ್ ರಿಂಗ್'ನ 2024ರ ಡಿಎಲ್‌ಸಿಗೆ ಕಾಲಿಡಬೇಕಾದರೆ ರಾಡಾನ್, ಮೋಗ್ ಎಂಬ ಇಬ್ಬರು ಬಾಸ್‌ಗಳನ್ನು ಸೋಲಿಸಿರಬೇಕು. ಕೊಂಡು ವಾರವಾದರೂ ಬಾಗಿಲು ಮುಟ್ಟದವರು ಬಹಳ. ಎರಡು, ನಿಮ್ಮ ಯಂತ್ರಕ್ಕೆ ಅದು ಬಂದಿದೆಯೇ. 'ಸೈಬರ್‌ಪಂಕ್ 2077' ಪಿಎಸ್4ನಲ್ಲಿದೆ, ಅದರ 2023ರ ಡಿಎಲ್‌ಸಿ 'ಫ್ಯಾಂಟಮ್ ಲಿಬರ್ಟಿ' ಪಿಎಸ್4ಗೆ ಬರಲೇ ಇಲ್ಲ.

ಸ್ಟೀಮ್‌ನಲ್ಲಿ ಡಿಎಲ್‌ಸಿ ಕೊಂಡ 14 ದಿನದೊಳಗೆ, ಕೊಂಡ ಮೇಲೆ ಮೂಲ ಗೇಮನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸು ಕೇಳಬಹುದು. ಕೆಲವು ಡಿಎಲ್‌ಸಿಗೆ ಈ ಸೌಲಭ್ಯವಿಲ್ಲ, ಹಾಗಿದ್ದರೆ ಅದರ ಪುಟದಲ್ಲೇ ಬರೆದಿರುತ್ತಾರೆ. ಮೂಲ ಗೇಮ್ ಈಗಾಗಲೇ ಇದ್ದರೆ 'ಬಂಡಲ್' ಎಂದಿರುವುದನ್ನು ನೋಡಿ, ಅದು ನಿಮ್ಮಲ್ಲಿರುವುದನ್ನು ಕಳೆದು ಉಳಿದದ್ದಕ್ಕಷ್ಟೇ ಬೆಲೆ ಹೇಳುತ್ತದೆ.

● ನಾಲ್ಕು ಜನ ಫ್ರೆಂಡ್ಸ್ ಸೇರಿ ಆಡೋಕೆ ನಾಲ್ವರೂ ಡಿಎಲ್‌ಸಿ ಕೊಳ್ಳಬೇಕಾ?
– ಎಸ್., ಚಿಂತಾಮಣಿ

ಗೇಮ್ ನೋಡಿಕೊಂಡು. 'ಯುರೋಪಾ ಯುನಿವರ್ಸಾಲಿಸ್ 4' ಥರದ ಪ್ಯಾರಡಾಕ್ಸ್ ಕಂಪನಿಯ ಗೇಮ್‌ಗಳಲ್ಲಿ ಹೋಸ್ಟ್ ಮಾಡುವ (ಆಟ ಶುರು ಮಾಡಿ ಉಳಿದವರನ್ನು ಸೇರಿಸಿಕೊಳ್ಳುವ) ಒಬ್ಬರಲ್ಲಿದ್ದರೆ ಸಾಕು, ಆ ಆಟ ನಡೆಯುವಷ್ಟು ಹೊತ್ತು ಎಲ್ಲರಿಗೂ ಸಿಗುತ್ತದೆ. ನಾಲ್ವರೂ ಚಂದಾ ಎತ್ತಿ ಒಬ್ಬರ ಖಾತೆಗೆ ಹಾಕಿ. ಮುಂದೆ ಜಗಳ ಬಂದರೆ ಡಿಎಲ್‌ಸಿ ಹೋಸ್ಟ್ ಬಳಿಯೇ ಉಳಿಯುತ್ತದೆ ಅನ್ನುವುದು ನೆನಪಿರಲಿ.

● ದಿನಕ್ಕೆ 2 ಜಿಬಿ ಪ್ಯಾಕ್‌ನಲ್ಲಿ 30 ಜಿಬಿ ಡಿಎಲ್‌ಸಿ ಇಳಿಸೋದು ಹೇಗೆ? ಕರೆಂಟ್ ಹೋದರೆ?
– ಆರ್., ಬಂಗಾರಪೇಟೆ

ಹದಿನೈದು ದಿನ, ಅದೂ ವಾಟ್ಸ್‌ಆ್ಯಪ್ ಕೂಡ ನೋಡದೆ. ಬ್ರಾಡ್‌ಬ್ಯಾಂಡ್ ಇರುವ ಸ್ನೇಹಿತರ ಮನೆಗೆ ಲ್ಯಾಪ್‌ಟಾಪ್ ಒಯ್ಯಿರಿ. 40 ಎಂಬಿಪಿಎಸ್ ಲೈನ್ ಎಂದರೆ ಸೆಕೆಂಡಿಗೆ 5 ಎಂಬಿ, 30 ಜಿಬಿಗೆ ಒಂದು ಗಂಟೆ ನಲವತ್ತು ನಿಮಿಷ. ಅಷ್ಟರಲ್ಲಿ ಎರಡು ಪ್ಲೇಟ್ ಪಾನಿಪುರಿ ಮುಗಿಸಿ ಬರಬಹುದು. ಅದೇ ಗೇಮ್ ಅವರ ಕಂಪ್ಯೂಟರಿನಲ್ಲೂ ಇದ್ದರೆ ಸ್ಟೀಮ್ 2023ರಿಂದ ಒಂದೇ ವೈಫೈನಲ್ಲಿರುವ ಎರಡು ಕಂಪ್ಯೂಟರ್ ನಡುವೆ ಫೈಲ್ ಸಾಗಿಸುತ್ತದೆ, ಇಂಟರ್‌ನೆಟ್ ಬಳಕೆ ಬಹಳ ಉಳಿಯುತ್ತದೆ. ಕರೆಂಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

● ದುಡ್ಡು ಕೊಟ್ಟು ಕೊಂಡ ಡಿಎಲ್‌ಸಿ ಶಾಶ್ವತವಾಗಿ ನಮ್ಮದೇ ತಾನೆ?
– ವಿ.ಎಸ್., ಮುಳಬಾಗಿಲು

ಸರ್ವರ್ ಮೇಲೆ ನಿಂತ ಗೇಮ್ ಆದರೆ ಅಲ್ಲ. 'ದಿ ಕ್ರೂ' ಗೇಮಿನ ಸರ್ವರ್ 2024ರ ಮಾರ್ಚ್ 31ರಂದು ಮುಚ್ಚಿತು, ಮೂಲ ಗೇಮೂ ಡಿಎಲ್‌ಸಿಯೂ ಒಟ್ಟಿಗೆ ಹೋದವು. 'ಡೆಸ್ಟಿನಿ 2' ಇನ್ನೂ ನಡೆಯುತ್ತಿದೆ, ಆದರೆ ಜನ ದುಡ್ಡು ಕೊಟ್ಟು ಕೊಂಡಿದ್ದ ಹಳೆಯ ಕಥಾಭಾಗಗಳನ್ನು 2020ರ ನವೆಂಬರ್‌ನಲ್ಲಿ ಗೇಮಿನಿಂದಲೇ ತೆಗೆದರು. ಕಾರ್ ಗೇಮ್‌ಗಳಲ್ಲಿ ಲೈಸೆನ್ಸ್ ಅವಧಿ ಮುಗಿದರೆ ಮಾರಾಟ ನಿಲ್ಲುತ್ತದೆ. 'ಫೋರ್ಜಾ ಹೊರೈಜನ್ 4' 2024ರ ಡಿಸೆಂಬರ್‌ನಲ್ಲಿ ಅಂಗಡಿಯಿಂದ ಇಳಿಯಿತು, ಆದರೆ ಮೊದಲೇ ಕೊಂಡವರು ಈಗಲೂ ಇಳಿಸಿಕೊಳ್ಳಬಹುದು. ಇಂಟರ್‌ನೆಟ್ ತೆಗೆದು ಗೇಮ್ ಶುರು ಮಾಡಿ ನೋಡಿ. ಕಥಾಭಾಗ ತೆರೆದರೆ ಬಹುಪಾಲು ನಿಶ್ಚಿಂತೆ. ತೆರೆಯದಿದ್ದರೆ ಕೊಂಡದ್ದಲ್ಲ, ಬಾಡಿಗೆ ಎಂದುಕೊಂಡೇ ಬೆಲೆ ಕಟ್ಟಿ.

● 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ'ಗೆ ಕೆಎಸ್‌ಆರ್‌ಟಿಸಿ ಬಣ್ಣ ಫ್ರೀ ಸಿಗುತ್ತೆ. ಹಾಕಿದರೆ ಫೋನ್ ಹಾಳಾಗುತ್ತಾ?
– 7ನೇ ತರಗತಿ ಓದುಗ, ಬಾಗೇಪಲ್ಲಿ

ಇಲ್ಲ ಪುಟ್ಟಾ. ಬಣ್ಣ ಅಂದರೆ ಬರೀ ಒಂದು ಚಿತ್ರ, ಪಿಎನ್‌ಜಿ ಫೈಲ್. ಹೊಸ ಬಸ್ಸೇ ಬೇಕಾದರೆ ಫೈಲ್ ಹೆಸರಿನ ಕೊನೆಯಲ್ಲಿ 'ಬಸಿಡ್‌ಮಾಡ್' ಅಂತಿರುತ್ತದೆ. ಕೊನೆಯಲ್ಲಿ 'ಎಪಿಕೆ' ಅಂತಿದ್ದರೆ ಅದು ಬಸ್ಸೂ ಅಲ್ಲ, ಬಣ್ಣವೂ ಅಲ್ಲ, ಬೇರೆಯೇ ಆ್ಯಪ್. ತೆರೆಯದೆ ಅಲ್ಲೇ ಅಳಿಸು.